ಫೋನಿನ ಮೈಕಟ್ಟು, ನಮ್ಮ ಮಾತುಕತೆ

ಮೂವತ್ತು ವರ್ಷಗಳ ಹಿಂದೆ ಫೋನು ಎತ್ತಿದ ಕೂಡಲೇ ನಾವು ಕೇಳುತ್ತಿದ್ದ ಮೊದಲ ಪ್ರಶ್ನೆ ನೆನಪಿದೆಯೇ? ‘ಹಲೋ, ಯಾರು ಮಾತಾಡ್ತಿರೋದು?’ ಇವತ್ತು ಕೇಳುವ ಮೊದಲ ಪ್ರಶ್ನೆ ಯಾವುದು? ‘ಎಲ್ಲಿದೀಯಾ?’

ಪ್ರಶ್ನೆ ಬದಲಾಗಲು ಫೋನು ಬದಲಾದದ್ದೇ ಕಾರಣ. ಆಗಿನ ಫೋನು ಗೋಡೆಯಿಂದ ಬಂದ ತಂತಿಗೆ ಕಟ್ಟಿಹಾಕಿದ್ದು. ಅದು ಎಲ್ಲಿದೆ ಎನ್ನುವುದು ಎಲ್ಲರಿಗೂ ಗೊತ್ತು. ಕರೆದವರು ಯಾರು, ಎತ್ತಿದವರು ಯಾರು ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಈಗಿನ ಫೋನು ಒಬ್ಬರ ಜೇಬಿನಲ್ಲಿ ಓಡಾಡುತ್ತದೆ. ಕರೆಯುವವರ ಹೆಸರು ಪರದೆಯ ಮೇಲೆ ಮೊದಲೇ ಬಂದಿರುತ್ತದೆ. ಗೊತ್ತಾಗದೆ ಉಳಿಯುವುದು ಅವರು ಇರುವ ಜಾಗ ಒಂದೇ. ಹಾಗಾಗಿ ಅದನ್ನೇ ಕೇಳುತ್ತೇವೆ.

ಇವತ್ತಿನ ನನ್ನ ಮಾತು ಇದರ ಬಗ್ಗೆಯೇ. ಫೋನಿನ ಗಾತ್ರ, ಅದರ ಗುಂಡಿ, ಅದರ ಪರದೆ, ಅದರ ಬೀಗ, ಅದು ಏನನ್ನು ತೋರಿಸುತ್ತದೆ, ಏನನ್ನು ಮುಚ್ಚಿಡುತ್ತದೆ, ಇವೆಲ್ಲ ಎಲ್ಲೋ ಕೆಲವರು ಕೂತು ತೀರ್ಮಾನಿಸಿದ ಸಂಗತಿಗಳು. ಆ ತೀರ್ಮಾನಗಳೇ ನಮ್ಮ ಮನೆಯ ಮಾತುಕತೆಯ ಒಳಗೆ ಯಾರಿರಬೇಕು, ಹೊರಗೆ ಯಾರಿರಬೇಕು ಎಂದು ಗೊತ್ತುಮಾಡುತ್ತಿವೆ. ಇದನ್ನು ನಾವು ಗಮನಿಸಬೇಕು, ಈ ತೀರ್ಮಾನಗಳಲ್ಲಿ ನಮ್ಮ ದನಿಯೂ ಸೇರಬೇಕು ಎಂಬುದು ನನ್ನ ಆಸೆ.

ಮೊದಲು ಹಳೆಯ ಫೋನಿನ ಹತ್ತಿರ ಹೋಗೋಣ.

1980ರ ದಶಕದಲ್ಲಿ ನಮ್ಮ ಬಹುಪಾಲು ಹಳ್ಳಿಗಳಿಗೆ ಫೋನೇ ಬಂದಿರಲಿಲ್ಲ. 1984ರಲ್ಲಿ ಸಿ-ಡಾಟ್ ಎಂಬ ಸಂಸ್ಥೆ ಶುರುವಾಯಿತು. ಸ್ಯಾಮ್ ಪಿತ್ರೋಡಾ ಅದರ ಹಿಂದಿದ್ದ ಮುಖ್ಯ ವ್ಯಕ್ತಿ. ಹೊರದೇಶದ ಟೆಲಿಫೋನ್ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕಿತ್ತು. ನಮ್ಮ ಹಳ್ಳಿಯಲ್ಲಿ ಅದೆಲ್ಲಿಂದ ತರುವುದು? ಧೂಳು, ಸೆಕೆ ತಡೆದುಕೊಂಡು, ಏರ್ ಕಂಡೀಷನ್ ಇಲ್ಲದೆ ನಡೆಯುವ ಸಣ್ಣ ಎಕ್ಸ್‌ಚೇಂಜನ್ನು ನಮ್ಮ ಎಂಜಿನಿಯರುಗಳೇ ಕಟ್ಟಿದರು. ಅಂಥ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ 1986ರಲ್ಲಿ ಚಾಲೂ ಆದದ್ದು ನಮ್ಮ ಕಿತ್ತೂರಿನಲ್ಲಿ. ಇದನ್ನು ಹೇಳುವಾಗ ನನಗೆ ಹೆಮ್ಮೆಯಾಗುತ್ತದೆ. ಊರಿನ ಹವೆಯನ್ನು ತಿಳಿದು ಯಂತ್ರ ಮಾಡಿದರೆ ಊರಿನ ಮಾತು ಹೊರಗೆ ಹೋಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹಾಗೆ ಬಂದ ಫೋನು ಮನೆಯಲ್ಲಿ ಎಲ್ಲಿ ಕೂತಿತು? ನಡುಮನೆಯಲ್ಲಿ. ಒಂದು ಸ್ಟೂಲು. ಅದರ ಮೇಲೆ ಕ್ರೋಶಾ ಹೆಣೆದ ಬಟ್ಟೆ. ಬಟ್ಟೆಯ ಮೇಲೆ ಫೋನು. ಕೆಲವು ಮನೆಗಳಲ್ಲಿ ಡಯಲ್ಲಿಗೆ ಪುಟ್ಟ ಬೀಗ. ಪಕ್ಕದಲ್ಲಿ ದಾರ ಕಟ್ಟಿ ತೂಗುಹಾಕಿದ ನಂಬರಿನ ಪುಸ್ತಕ. ರಿಸೀವರಿನ ಸುರುಳಿ ತಂತಿ ಎಳೆದರೆ ಒಂದು ಮಾರು ಬರಬಹುದು, ಅಷ್ಟೆ. ಮಾತಾಡುವವರು ಅಲ್ಲೇ ನಿಂತು ಮಾತಾಡಬೇಕು. ಒಂದು ಕಡೆಯ ಮಾತನ್ನು ಮನೆಯವರೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಇದರಲ್ಲಿ ಸುಖವಿತ್ತು. ದೂರದ ಮಗ ಫೋನು ಮಾಡಿದರೆ ರಿಸೀವರು ಕೈಯಿಂದ ಕೈಗೆ ದಾಟುತ್ತಿತ್ತು. ‘ಅಜ್ಜಿಗೆ ಕೊಡ್ತೀನಿ ಇರು’ ಎನ್ನುವ ಮಾತು ಪ್ರತಿ ಕರೆಯಲ್ಲೂ ಇರುತ್ತಿತ್ತು. ಅಜ್ಜಿಗೆ ಹೇಳುವುದೇನೂ ಇಲ್ಲದಿದ್ದರೂ ಅಜ್ಜಿ ಆ ಕರೆಯಲ್ಲಿ ಪಾಲುದಾರಳು.

ಆದರೆ ಅದೇ ನಡುಮನೆಯಲ್ಲಿ ಇನ್ನೊಂದನ್ನು ನೆನಪಿಸಿಕೊಳ್ಳಿ. ಹೊಸದಾಗಿ ಮದುವೆಯಾಗಿ ಬಂದ ಸೊಸೆ. ಅವಳ ತಾಯಿಯ ಫೋನು ಬಂದಿದೆ. ಪಕ್ಕದಲ್ಲಿ ಅತ್ತೆ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಾರೆ. ಮಾವ ಪೇಪರ್ ಓದುತ್ತಿದ್ದಾರೆ. ಆ ಕಡೆಯಿಂದ ತಾಯಿ ಕೇಳುತ್ತಾರೆ: ‘ಚೆನ್ನಾಗಿದೀಯೇನೇ?’ ಈ ಕಡೆಯಿಂದ ಅವಳು ಹೇಳುತ್ತಾಳೆ: ‘ಹೂಂ ಅಮ್ಮ, ಚೆನ್ನಾಗಿದೀನಿ. ಎಲ್ರೂ ಚೆನ್ನಾಗಿ ನೋಡ್ಕೋತಾರೆ.’ ಬೇರೆ ಏನು ಹೇಳಲು ಸಾಧ್ಯವಿತ್ತು ಅವಳಿಗೆ? ಅಂಥ ಎಷ್ಟು ‘ಹೂಂ ಅಮ್ಮ’ಗಳ ಹಿಂದೆ ಎಷ್ಟು ಕಷ್ಟ ಅಡಗಿತ್ತೋ! ಫೋನನ್ನು ನಡುಮನೆಯಲ್ಲಿ ಇಟ್ಟ ತಪ್ಪಿಗೆ ಆ ತಾಯಂದಿರಿಗೆ ಮಗಳ ನಿಜ ತಿಳಿಯಲಿಲ್ಲ. ಹಳೆಯ ಫೋನನ್ನು ಹೊಗಳುವವರು ಈ ಸೊಸೆಯನ್ನು ಮರೆಯಬಾರದು.

ಎಸ್‌ಟಿಡಿ ಬೂತು ಅವಳಿಗೆ ಒಂದಿಷ್ಟು ಏಕಾಂತ ಕೊಟ್ಟಿತು. ಗಾಜಿನ ಬಾಗಿಲು ಎಳೆದುಕೊಂಡರೆ ಮಾತು ಹೊರಗೆ ಹೋಗದು. ಆದರೆ ಕಣ್ಣೆದುರಿಗೆ ಮೀಟರು. ಅದರಲ್ಲಿ ಕೆಂಪು ಅಂಕಿಗಳು ಓಡುತ್ತಿರುತ್ತವೆ. ಓಡುವ ಅಂಕಿಯನ್ನು ನೋಡುತ್ತಾ ಯಾರು ತಾನೇ ಮನಸ್ಸು ಬಿಚ್ಚಿ ಅಳಬಲ್ಲರು? ರಾತ್ರಿ ದರ ಕಡಿಮೆಯಾದ ಮೇಲೆ ಬೂತಿನ ಮುಂದೆ ಸಾಲು. ಹಿಂದೆ ನಿಂತವರು ಗಾಜಿನ ಮೇಲೆ ನಾಣ್ಯದಿಂದ ಕುಟ್ಟುತ್ತಿದ್ದರು.

ಹೀಗೆ ನಡುಮನೆಯ ಫೋನು ಎಲ್ಲರನ್ನೂ ಮಾತಿನೊಳಗೆ ಸೇರಿಸಿಕೊಂಡಿತು, ಗುಟ್ಟು ಹೇಳಬೇಕಾದವರ ಬಾಯಿ ಕಟ್ಟಿತು. ಬೂತು ಬಾಯಿ ಬಿಡಿಸಿತು, ಹೊತ್ತು ಕೊಡಲಿಲ್ಲ. ಈಗ ಕೈಗೆ ಬಂದ ಫೋನನ್ನು ನೋಡೋಣ.

1973ರ ಏಪ್ರಿಲ್. ನ್ಯೂಯಾರ್ಕಿನ ಬೀದಿ. ಮೊಟೊರೊಲಾ ಕಂಪನಿಯ ಎಂಜಿನಿಯರ್ ಮಾರ್ಟಿನ್ ಕೂಪರ್ ಕೈಯಲ್ಲಿ ಸುಮಾರು ಒಂದು ಕಿಲೋ ತೂಕದ ಫೋನು ಹಿಡಿದು ನಿಂತಿದ್ದರು. ಅದರಿಂದ ಮೊದಲ ಕರೆ ಮಾಡಿದ್ದು ಎದುರಾಳಿ ಸಂಸ್ಥೆ ಬೆಲ್ ಲ್ಯಾಬ್ಸ್‌ನ ಜೋಯಲ್ ಎಂಗೆಲ್ ಅವರಿಗೆ. ಬೆಲ್ ಕಂಪನಿಯವರು ಆಗ ಕಾರಿನೊಳಗಿನ ಫೋನಿನ ಬಗ್ಗೆ ಯೋಚಿಸುತ್ತಿದ್ದರು. ಕೂಪರ್ ಅವರ ವಾದ ಬೇರೆ. ಜನರಿಗೆ ಮನೆಯ ಜೊತೆ, ಕಚೇರಿಯ ಜೊತೆ, ಕಾರಿನ ಜೊತೆ ಮಾತಾಡುವುದು ಬೇಕಿಲ್ಲ, ಮನುಷ್ಯನ ಜೊತೆ ಮಾತಾಡಬೇಕು ಎಂದರು ಅವರು. ನಂಬರು ಜಾಗದಿಂದ ಕಳಚಿ ವ್ಯಕ್ತಿಗೆ ಅಂಟಿದ್ದು ಈ ವಾದದಿಂದ. ಹತ್ತು ವರ್ಷದ ನಂತರ, 1983ರಲ್ಲಿ, ಅದು ಮಾರಾಟಕ್ಕೆ ಬಂತು. ಬೆಲೆ ಸುಮಾರು 4,000 ಡಾಲರ್. ಮಾತಾಡಬಹುದಾದದ್ದು ಅರ್ಧ ಗಂಟೆ.

ಭಾರತಕ್ಕೆ ಅದು 1995ರಲ್ಲಿ ಬಂತು. ಜುಲೈ ತಿಂಗಳ ಕೊನೆಯ ದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೇಂದ್ರ ದೂರಸಂಪರ್ಕ ಸಚಿವ ಸುಖ್‌ರಾಮ್ ಅವರಿಗೆ ಕರೆ ಮಾಡಿದರು. ಆಗ ಬಂದ ಕರೆಗೂ ಹಣ ಕೊಡಬೇಕು, ಹೋದ ಕರೆಗೂ ಕೊಡಬೇಕು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಫೋನು ಬಡವರ ಕೈಗೂ ಬಂದದ್ದು ಅಲ್ಲಿಂದಾಚೆಗೆ.

ಆ ಸೊಸೆಗೆ ಇದರಿಂದ ಏನಾಯಿತು? ಅವಳು ಫೋನು ಹಿಡಿದು ಹಿತ್ತಲಿಗೆ ಹೋದಳು. ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತಳು. ಆ ಕಡೆ ತಾಯಿ ‘ಚೆನ್ನಾಗಿದೀಯೇನೇ?’ ಅಂದರೆ, ಈ ಕಡೆ ಅವಳು ‘ಇಲ್ಲ ಅಮ್ಮ’ ಎನ್ನಬಹುದಾಯಿತು. ಮೊಬೈಲು ನಮಗೆ ಕೊಟ್ಟ ದೊಡ್ಡ ಉಪಕಾರ ಯಾವುದು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದಾದ ಕಾರಣಕ್ಕೇ ಆ ಉಪಕಾರ ಸಾಧ್ಯವಾಯಿತು.

ಇನ್ನು ಮಿಸ್ಡ್ ಕಾಲ್. ನಮ್ಮ ಜನ ಫೋನಿನ ಮೈಕಟ್ಟನ್ನು ಎಷ್ಟು ಚೆನ್ನಾಗಿ ಓದಿಕೊಂಡರು ಎನ್ನುವುದಕ್ಕೆ ಇದು ಗುರುತು. ಕರೆ ಎತ್ತಿದರೆ ಮಾತ್ರ ದುಡ್ಡು. ಎತ್ತದಿದ್ದರೂ ಪರದೆಯ ಮೇಲೆ ನಂಬರು ಉಳಿಯುತ್ತದೆ. ಈ ಎರಡನ್ನೂ ಸೇರಿಸಿ ನಮ್ಮವರು ಒಂದು ಸಂಜ್ಞೆಯ ಭಾಷೆಯನ್ನೇ ಕಟ್ಟಿದರು. ‘ಊರು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು.’ ‘ಬಸ್ಸು ಹತ್ತಿದ ಮೇಲೆ ಒಂದು ರಿಂಗು, ಇಳಿದ ಮೇಲೆ ಎರಡು.’ ಆಟೋದವರಿಗೆ, ಹಾಲಿನವರಿಗೆ, ಗದ್ದೆಯಲ್ಲಿದ್ದ ಅಣ್ಣನಿಗೆ, ಎಲ್ಲರಿಗೂ ಮಿಸ್ಡ್ ಕಾಲ್. ಯಾರು ಯಾರಿಗೆ ಕೊಡಬೇಕು ಎನ್ನುವುದರಲ್ಲೂ ಒಂದು ಮರ್ಯಾದೆ ಇತ್ತು. ಕರೆನ್ಸಿ ಇಲ್ಲದ ಮಗ ಅಪ್ಪನಿಗೆ ಕೊಡಬಹುದು. ಸಾಹುಕಾರ ಕೂಲಿಯವನಿಗೆ ಕೊಡುವುದು ಸಣ್ಣತನ. ಬೆಂಗಳೂರಿನ ಜಿಪ್‌ಡಯಲ್ ಎಂಬ ಕಂಪನಿ ಇದನ್ನೇ ವ್ಯಾಪಾರವಾಗಿ ಬೆಳೆಸಿತು. 2015ರಲ್ಲಿ ಟ್ವಿಟರ್ ಸಂಸ್ಥೆ ಅದನ್ನು ಕೊಂಡುಕೊಂಡಿತು. ಫೋನು ಮಾಡಿದ ಯಾವ ಎಂಜಿನಿಯರನೂ ಮಿಸ್ಡ್ ಕಾಲಿಗೆಂದು ಒಂದು ಗುಂಡಿ ಇಟ್ಟಿರಲಿಲ್ಲ. ಅದು ಬಳಸುವವರ ವಿನ್ಯಾಸ.

ಅದೇ ಹೊತ್ತಿಗೆ ಕೆಲವು ಕಂಪನಿಗಳು ನಮ್ಮಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಫೋನು ಮಾಡಿದವು. 2003ರ ನೋಕಿಯಾ 1100 ನಿಮ್ಮಲ್ಲಿ ಹಲವರ ಕೈಯಲ್ಲಿತ್ತು. ತಲೆಯ ಮೇಲೊಂದು ಟಾರ್ಚು. ಧೂಳು ಒಳಗೆ ಹೋಗದ ಹಾಗೆ ಒಂದೇ ರಬ್ಬರ್ ಹಾಳೆಯ ಕೀಪ್ಯಾಡು. ಒದ್ದೆ ಕೈಯಲ್ಲೂ ಜಾರದ ಪಕ್ಕೆ. ಜಗತ್ತಿನಾದ್ಯಂತ ಸುಮಾರು 25 ಕೋಟಿ ಮಾರಾಟವಾದ ಫೋನು ಅದು.

ಅದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು 2007ರ ನೋಕಿಯಾ 1200. ಬಡದೇಶಗಳಲ್ಲಿ ಒಂದೇ ಫೋನನ್ನು ಮನೆಯವರೆಲ್ಲ, ಕೆಲವೊಮ್ಮೆ ಓಣಿಯವರೆಲ್ಲ ಹಂಚಿಕೊಳ್ಳುವುದನ್ನು ಆ ಕಂಪನಿಯ ಜನ ಹೋಗಿ ನೋಡಿದ್ದರು. ಹಾಗಾಗಿ ಅದರಲ್ಲಿ ಐದು ಬೇರೆ ಬೇರೆ ನಂಬರಿನ ಪುಸ್ತಕಗಳನ್ನು ಇಟ್ಟುಕೊಳ್ಳಬಹುದಿತ್ತು. ಅಪ್ಪನ ನಂಬರುಗಳು ಒಂದು ಕಡೆ, ಅಮ್ಮನವು ಒಂದು ಕಡೆ, ಮಗಳವು ಇನ್ನೊಂದು ಕಡೆ. ಒಂದು ಕರೆಗೆ ಇಷ್ಟೇ ಖರ್ಚು ಎಂದು ಮಿತಿ ಹಾಕಬಹುದಿತ್ತು. ಎಷ್ಟು ಸಣ್ಣ ಏರ್ಪಾಡು! ಆದರೆ ಅದನ್ನು ಮಾಡಿದವರಿಗೆ ಒಂದು ಮನೆಯಲ್ಲಿ ನಾಲ್ಕಾರು ಜನ ಇರುತ್ತಾರೆ ಎನ್ನುವ ತಿಳಿವಳಿಕೆ ಇತ್ತು.

ಇಲ್ಲಿಯ ತನಕ ಹೇಳಿದ್ದನ್ನು ಒಮ್ಮೆ ಕೂಡಿಸಿಕೊಳ್ಳಿ. ತಂತಿಯ ಫೋನು ಮನೆಗೆ ಸೇರಿದ್ದು. ಕೀಪ್ಯಾಡಿನ ಫೋನು ಒಬ್ಬರ ಕೈಗೆ ಬಂದರೂ ಹಂಚಿಕೊಳ್ಳಲು ಒಪ್ಪುತ್ತಿತ್ತು. ಮುಂದೆ ಬಂದದ್ದು ಹಂಚಿಕೊಳ್ಳಲು ಒಪ್ಪದ ಫೋನು.

2007ರಲ್ಲಿ ಐಫೋನ್ ಬಂತು. ಕೀಪ್ಯಾಡಿನ ಗುಂಡಿಗಳೆಲ್ಲ ಹೋದವು. ಇಡೀ ಮುಖವೇ ಪರದೆಯಾಯಿತು. 2013ರಲ್ಲಿ ಅದಕ್ಕೆ ಬೆರಳಚ್ಚಿನ ಬೀಗ ಬಂತು. ಆಮೇಲೆ ಮುಖ ನೋಡಿ ತೆರೆದುಕೊಳ್ಳುವ ಬೀಗ. ಒಂದು ಫೋನಿಗೆ ಒಬ್ಬರೇ ಒಡೆಯರು ಎನ್ನುವುದು ಈ ವಿನ್ಯಾಸದ ಒಳಗೇ ಕೂತಿದೆ.

ನಮ್ಮ ದೇಶದಲ್ಲಿ ಅದು ಹಾಗಿಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲು ಇರುವ ಹೆಂಗಸರು ನೂರಕ್ಕೆ ಸುಮಾರು 54. ಉಳಿದವರಲ್ಲಿ ಹಲವರು ಗಂಡನ ಫೋನು, ಮಗನ ಫೋನು ಕೇಳಿ ಪಡೆಯುತ್ತಾರೆ. ಆ ಫೋನು ತೆರೆಯುವುದು ಗಂಡನ ಬೆರಳಿಗೆ. ಸಂಘದ ಸಾಲದ ಕಂತಿನ ಮೆಸೇಜು ಬಂದಿದೆಯಾ ಎಂದು ನೋಡಬೇಕಾದರೂ ‘ರೀ, ಸ್ವಲ್ಪ ಬಿಚ್ಚಿ ಕೊಡಿ’ ಎನ್ನಬೇಕು. ಹಿತ್ತಲ ಕಲ್ಲಿನ ಪಕ್ಕದಲ್ಲಿ ನಿಂತು ಮಾತಾಡಿದ ಸ್ವಾತಂತ್ರ್ಯವನ್ನು ಈ ಬೀಗ ಹಲವು ಮನೆಗಳಲ್ಲಿ ಮತ್ತೆ ಕಿತ್ತುಕೊಂಡಿದೆ.

ವಯಸ್ಸಾದವರ ಕಷ್ಟ ಇನ್ನೊಂದು ಬಗೆಯದು. ಕೀಪ್ಯಾಡಿನ ಫೋನಿನಲ್ಲಿ ಹಸಿರು ಗುಂಡಿ ಒತ್ತಿದರೆ ಕರೆ ಬಂತು. ಈಗ ಪರದೆಯ ಮೇಲೆ ಹಸಿರು ಗುರುತು ಕಾಣುತ್ತದೆ, ಆದರೆ ಬಹಳ ಫೋನುಗಳಲ್ಲಿ ಅದನ್ನು ಒತ್ತಿದರೆ ಏನೂ ಆಗುವುದಿಲ್ಲ. ಬೆರಳಿಟ್ಟು ಎಳೆಯಬೇಕು. ಜೇಬಿನಲ್ಲಿ ತಾನಾಗಿ ಕರೆ ತೆರೆದುಕೊಳ್ಳಬಾರದು ಎಂದು ಮಾಡಿದ ಏರ್ಪಾಡು ಇದು. ನಮ್ಮ ಬೀದಿಯ ಒಬ್ಬ ಅಜ್ಜಿಯನ್ನು ನೋಡುತ್ತಿರುತ್ತೇನೆ. ಮಗಳ ಫೋನು ಬರುತ್ತದೆ. ಫೋಟೋ ಕಾಣುತ್ತದೆ. ಅಜ್ಜಿ ಹಸಿರನ್ನು ಒತ್ತುತ್ತಾರೆ, ಮತ್ತೆ ಒತ್ತುತ್ತಾರೆ, ಬೆರಳನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತುತ್ತಾರೆ. ಒಣಗಿದ, ದುಡಿದು ದಪ್ಪಗಾದ ಬೆರಳಿನ ತುದಿಯನ್ನು ಆ ಗಾಜು ಸರಿಯಾಗಿ ಗುರುತಿಸುವುದೂ ಇಲ್ಲ. ಅಷ್ಟರಲ್ಲಿ ರಿಂಗು ನಿಂತುಹೋಗುತ್ತದೆ. ಮೊಮ್ಮಗ ಟ್ಯೂಷನ್ನಿನಿಂದ ಬಂದ ಮೇಲೆ ಅವನ ಕೈಲಿ ಮಗಳಿಗೆ ಫೋನು ಮಾಡಿಸಬೇಕು. ತಾಯಿ ಮಗಳ ನಡುವೆ ಮೂರನೆಯವರನ್ನು ತಂದು ನಿಲ್ಲಿಸಿದ್ದು ಬೆರಳು ಎಳೆಯುವ ಆ ಒಂದು ಅಂಗುಲ.

ಪರದೆಯ ಬಗ್ಗೆ ಇನ್ನೊಂದು ಮಾತು. ನಡುಮನೆಯ ಫೋನು ಒಬ್ಬರ ಕಿವಿಯನ್ನು ತೆಗೆದುಕೊಂಡಿತ್ತು, ಕಣ್ಣನ್ನು ಬಿಟ್ಟಿತ್ತು. ಮಾತಾಡುತ್ತಲೇ ಎದುರಿಗೆ ಬಂದವರಿಗೆ ‘ಕೂತ್ಕೊಳ್ಳಿ’ ಎಂದು ಕಣ್ಣಲ್ಲೇ ಹೇಳಬಹುದಿತ್ತು. ಪರದೆ ಕಣ್ಣನ್ನೂ ತೆಗೆದುಕೊಂಡಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ಇಬ್ಬರು ಮನಶ್ಶಾಸ್ತ್ರಜ್ಞರು 2012ರ ಸುಮಾರಿಗೆ ಒಂದು ಪ್ರಯೋಗ ಪ್ರಕಟಿಸಿದರು. ಗುರುತಿಲ್ಲದ ಇಬ್ಬಿಬ್ಬರನ್ನು ಕೂರಿಸಿ ಹತ್ತು ನಿಮಿಷ ಮಾತಾಡಿಸಿದರು. ಕೆಲವರ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ಕು, ಕೆಲವರ ಹತ್ತಿರ ಒಂದು ಮೊಬೈಲು. ಫೋನು ಯಾರದ್ದೂ ಅಲ್ಲ, ಅದು ಬಡಿದುಕೊಳ್ಳಲೂ ಇಲ್ಲ. ಆದರೂ ಫೋನಿದ್ದ ಕಡೆ, ಅದರಲ್ಲೂ ಮನಸ್ಸಿಗೆ ಹತ್ತಿರದ ವಿಷಯ ಮಾತಾಡಿದಾಗ, ಆಪ್ತತೆ ಕಡಿಮೆಯಾಯಿತು ಎಂದು ಕಂಡರು. ನಂತರ ಬೇರೆಯವರು ಮಾಡಿದ ಕೆಲವು ಪ್ರಯೋಗಗಳಲ್ಲಿ ಅದೇ ಫಲ ಬರಲಿಲ್ಲ. ಹಾಗಾಗಿ ಇದನ್ನು ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ನಿಮ್ಮ ಮನೆಯ ಊಟದ ಹೊತ್ತಿನಲ್ಲಿ ನೀವೇ ಗಮನಿಸಿ.

ರೇಡಿಯೋದ ಮಾತನ್ನೂ ಇಲ್ಲಿ ಹೇಳಲೇಬೇಕು. ಈ ಭಾಷಣವನ್ನು ನಿಮ್ಮಲ್ಲಿ ಬಹಳ ಜನ ಫೋನಿನಲ್ಲೇ ಕೇಳುತ್ತಿರಬಹುದು. ಫೋನಿನ ಎಫ್‌ಎಂ ಕೇಳಬೇಕಾದರೆ ಸಾಮಾನ್ಯವಾಗಿ ಇಯರ್‌ಫೋನು ಸಿಕ್ಕಿಸಬೇಕು. ಆ ತಂತಿಯೇ ಅದಕ್ಕೆ ಏರಿಯಲ್ಲು. ಒಂದು ಕಾಲದಲ್ಲಿ ಹೋಟೆಲಿನ ಮೇಜುಗಳಿಗೆಲ್ಲ ಕೇಳುತ್ತಿದ್ದ ವಾರ್ತೆ ಹೀಗೆ ಒಬ್ಬರ ಕಿವಿಯೊಳಗೆ ಹೋಯಿತು. 2016ರಲ್ಲಿ ಐಫೋನಿನಿಂದ ಇಯರ್‌ಫೋನಿನ ತೂತೇ ಮಾಯವಾಯಿತು. ಬೇರೆ ಕಂಪನಿಗಳೂ ಅದೇ ದಾರಿ ಹಿಡಿದವು. ಪ್ರವಾಹ, ಚಂಡಮಾರುತ ಬಂದಾಗ ಟವರುಗಳು ಕೆಟ್ಟರೂ ರೇಡಿಯೋ ಕೇಳುತ್ತದೆ. ಈ ಕಾರಣಕ್ಕೆ ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಕೇಂದ್ರ ಸರ್ಕಾರ 2023ರಲ್ಲಿ ತಯಾರಕರಿಗೆ ಸಲಹೆ ಕೊಡಬೇಕಾಯಿತು.

ಬೀಗ ಮತ್ತು ಪರದೆ ಫೋನನ್ನು ಒಬ್ಬರದ್ದಾಗಿ ಮಾಡಿದ ಬಗೆ ಇದು. ಇನ್ನು ಆ ಪರದೆಯ ಒಳಗೆ ಹೋಗೋಣ. ಅಲ್ಲಿ ಅಕ್ಕಿಕಾಳಿಗಿಂತ ಸಣ್ಣ ಗುರುತುಗಳಿವೆ. ಅವು ಸಂಬಂಧಗಳನ್ನೇ ಅಲ್ಲಾಡಿಸುತ್ತಿವೆ.

ವಾಟ್ಸಾಪಿನ ಟಿಕ್ ಮಾರ್ಕುಗಳು ನಿಮಗೆ ಗೊತ್ತು. ಒಂದು ಟಿಕ್ ಬಿದ್ದರೆ ಸಂದೇಶ ಹೊರಟಿತು. ಎರಡು ಬಿದ್ದರೆ ತಲುಪಿತು. 2014ರ ನವೆಂಬರಿನಲ್ಲಿ ಇದಕ್ಕೆ ನೀಲಿ ಬಣ್ಣ ಸೇರಿತು. ನೀಲಿಯಾದರೆ ಓದಿದ್ದಾರೆ ಎಂದರ್ಥ.

ನಮ್ಮ ಸಮಾಜ ದಾಕ್ಷಿಣ್ಯದ ಮೇಲೆ ನಡೆಯುವಂಥದ್ದು. ಇಲ್ಲ ಎನ್ನುವುದನ್ನು ನಾವು ನೇರವಾಗಿ ಹೇಳುವುದಿಲ್ಲ. ‘ನೋಡೋಣ’ ಅನ್ನುತ್ತೇವೆ. ಸ್ವಲ್ಪ ದಿನ ಸುಮ್ಮನಿರುತ್ತೇವೆ. ಕೇಳಿದವರೂ ಅರ್ಥ ಮಾಡಿಕೊಳ್ಳುತ್ತಾರೆ. ಕಾಗದದ ಕಾಲದಲ್ಲಿ ಅಂಚೆ ತಡವಾಯಿತು ಎನ್ನಬಹುದಿತ್ತು. ಆ ಬಿಡುವಿನಲ್ಲಿ ಇಬ್ಬರ ಮಾನವೂ ಉಳಿಯುತ್ತಿತ್ತು. ನೀಲಿ ಟಿಕ್ ಆ ಬಿಡುವನ್ನು ತೆಗೆದುಹಾಕಿತು. ಚಿಕ್ಕಪ್ಪನ ಮಗ ಐವತ್ತು ಸಾವಿರ ಸಾಲ ಕೇಳಿ ಮೆಸೇಜು ಹಾಕಿದ್ದಾನೆ. ನೀವು ಓದಿದ್ದೀರಿ. ಹೆಂಡತಿಯ ಹತ್ತಿರ ಮಾತಾಡಬೇಕು, ಬ್ಯಾಂಕಿನಲ್ಲಿ ಎಷ್ಟಿದೆ ನೋಡಬೇಕು. ಆದರೆ ಅವನಿಗೆ ಆಗಲೇ ಗೊತ್ತು, ನೀವು ರಾತ್ರಿ ಒಂಬತ್ತಕ್ಕೆ ಓದಿದ್ದೀರಿ ಎಂದು. ಬೆಳಿಗ್ಗೆಯ ಹೊತ್ತಿಗೆ ‘ನೋಡಿಯೂ ಸುಮ್ಮನಿದ್ದಾನೆ’ ಎಂಬ ಮಾತು ಅತ್ತೆಯ ಮನೆಯವರೆಗೂ ಹೋಗಿರುತ್ತದೆ. ಯೋಚಿಸಲು ತೆಗೆದುಕೊಂಡ ಹೊತ್ತು ಅವಮಾನದ ಲೆಕ್ಕಕ್ಕೆ ಸೇರಿತು.

ಜನ ಗೊಣಗಿದ ಮೇಲೆ ನೀಲಿ ಬಣ್ಣವನ್ನು ಆರಿಸುವ ಅವಕಾಶ ಕೊಟ್ಟರು. ಆದರೆ ನೀವು ಆರಿಸಿದರೆ ಇತರರು ಓದಿದರೋ ಇಲ್ಲವೋ ಅನ್ನುವುದು ನಿಮಗೂ ಕಾಣುವುದಿಲ್ಲ. ಗುಂಪುಗಳಲ್ಲಿ ಅದನ್ನು ಆರಿಸಲು ಆಗುವುದಿಲ್ಲ. ನನ್ನ ಅಭಿಪ್ರಾಯ ಹೇಳುತ್ತೇನೆ. ಓದಿದ್ದನ್ನು ಗುಟ್ಟಾಗಿಡುವುದು ಓದಿದವರ ಹಕ್ಕು. ಮೊದಲಿನಿಂದಲೇ ಅದು ಆರಿರಬೇಕಿತ್ತು, ಬೇಕಾದವರು ಹಚ್ಚಿಕೊಳ್ಳಬೇಕಿತ್ತು.

ಟಿಕ್ಕಿನ ಮಾತು ಇಷ್ಟು. ಇನ್ನು ದನಿಯ ಮಾತು. ಇದರಲ್ಲಿ ಸಂತೋಷದ ಸಂಗತಿ ಹೆಚ್ಚಿದೆ.

2013ರಲ್ಲಿ ವಾಟ್ಸಾಪಿಗೆ ಧ್ವನಿ ಸಂದೇಶ ಬಂತು. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿ, ಬೆರಳು ಬಿಟ್ಟರೆ ಹೋಯಿತು. ಕನ್ನಡ ಟೈಪು ಮಾಡಲು ಬಾರದವರಿಗೆ, ಓದು ಬಾರದವರಿಗೆ ಇದು ವರವಾಯಿತು. ಸಂಜೆ ಪೀಣ್ಯದ ಕಡೆಯಿಂದ ಬರುವ ಬಸ್ಸಿನಲ್ಲಿ ನೀವು ನೋಡಿರಬಹುದು. ಗಾರ್ಮೆಂಟ್ಸಿನಿಂದ ಹೊರಟ ಹೆಣ್ಣುಮಗಳು ಫೋನಿನ ಕೆಳತುದಿಯನ್ನು ಬಾಯಿಯ ಹತ್ತಿರ ಹಿಡಿದು, ಇನ್ನೊಂದು ಕೈಯನ್ನು ಗೂಡಿನ ಹಾಗೆ ಮರೆಮಾಡಿ, ಮಗುವಿಗೆ ಹೇಳುತ್ತಿರುತ್ತಾಳೆ: ‘ಪುಟ್ಟ, ಅಜ್ಜಿ ಹತ್ರ ಹಠ ಮಾಡ್ಬೇಡ. ಭಾನುವಾರ ಬರ್ತೀನಿ.’ ಊರಿನಲ್ಲಿ ಆ ಮಗು ಅದನ್ನು ಜೋರಾಗಿ ಹಾಕಿ ಕೇಳುತ್ತದೆ. ಅಜ್ಜಿ ಕೇಳುತ್ತಾಳೆ, ಪಕ್ಕದ ಮನೆಯವರೂ ಕೇಳುತ್ತಾರೆ. ಮತ್ತೆ ಮತ್ತೆ ಹಾಕಿಸಿ ಕೇಳುತ್ತಾರೆ. ನಡುಮನೆಯ ಫೋನಿನಲ್ಲಿದ್ದ ಹಂಚಿಕೊಳ್ಳುವ ಸುಖ ಇಲ್ಲಿ ಬೇರೆ ದಾರಿಯಿಂದ ಬಂದಿದೆ.

ಅದರಲ್ಲಿ ಒಂದು ಕೊರತೆ ಉಂಟು. ಹೂಂಗುಟ್ಟುವವರಿಲ್ಲ. ನಾವು ಮಾತಾಡುವಾಗ ಎದುರಿನವರು ‘ಹೂಂ’, ‘ಅಲ್ವಾ’, ‘ಅಯ್ಯೋ, ಆಮೇಲೆ?’ ಎನ್ನುತ್ತಾ ನಮ್ಮ ಮಾತನ್ನು ಮುಂದೆ ನಡೆಸುತ್ತಾರೆ. ನಮ್ಮ ಕಥೆ ಹೇಳುವ ಅಜ್ಜಿಯರು ಹೂಂಗುಟ್ಟದಿದ್ದರೆ ಕಥೆಯನ್ನೇ ನಿಲ್ಲಿಸುತ್ತಿದ್ದರು. ಬೆರಳೊತ್ತಿ ಹೇಳಿದ ಮಾತಿಗೆ ಆ ಆಸರೆ ಇಲ್ಲ. ಹೇಳುವಾಗ ದನಿ ನಡುಗಿದರೆ ಅಲ್ಲೇ ‘ಯಾಕೆ, ಏನಾಯ್ತು?’ ಎಂದು ಕೇಳಲು ಯಾರೂ ಇರುವುದಿಲ್ಲ. ಹಾಗಾಗಿ ಸುಖದ ಸುದ್ದಿಗೆ ಧ್ವನಿ ಸಂದೇಶ ಸಾಕು. ದುಃಖದ ಸುದ್ದಿಗೆ ಕರೆಯೇ ಬೇಕು.

ವೀಡಿಯೋ ಕರೆ ಇದೆಯಲ್ಲ ಎನ್ನುತ್ತೀರಿ. ಇದೆ. ಮಂಡ್ಯದ ಅಜ್ಜಿಗೆ ನ್ಯೂಜೆರ್ಸಿಯ ಮೊಮ್ಮಗಳ ಮುಖ ಕಾಣುತ್ತದೆ. ಇದು ಪುಣ್ಯವೇ. ಆದರೆ ಕ್ಯಾಮೆರಾ ಇರುವುದು ಪರದೆಯ ಮೇಲಂಚಿನಲ್ಲಿ. ಮುಖ ಕಾಣುವುದು ನಡುವಿನಲ್ಲಿ. ಅಜ್ಜಿ ಮೊಮ್ಮಗಳ ಕಣ್ಣನ್ನು ನೋಡಿದರೆ, ಆ ಕಡೆ ಅಜ್ಜಿ ಕೆಳಗೆ ನೋಡುತ್ತಿರುವಂತೆ ಕಾಣುತ್ತದೆ. ಮೊಮ್ಮಗಳಿಗೆ ಅಜ್ಜಿ ನೇರ ನೋಡಿದಂತೆ ಕಾಣಬೇಕಾದರೆ ಅಜ್ಜಿ ಮೊಮ್ಮಗಳನ್ನು ಬಿಟ್ಟು ಮೇಲಿನ ಕಪ್ಪು ಚುಕ್ಕೆಯನ್ನು ನೋಡಬೇಕು. ಜೊತೆಗೆ ಮೂಲೆಯಲ್ಲಿ ನಮ್ಮದೇ ಮುಖ. ಅಜ್ಜಿ ಮಾತಿನ ನಡುವೆ ಸೆರಗು ಸರಿಮಾಡಿಕೊಳ್ಳುತ್ತಾರೆ, ಕೂದಲು ಒತ್ತಿಕೊಳ್ಳುತ್ತಾರೆ. ಮಾತಾಡುವಾಗ ತನ್ನ ಮುಖ ತನಗೆ ಕಾಣುವುದು ಮನುಷ್ಯರಿಗೆ ಹೊಸದು. ಸೆಟ್ಟಿಂಗ್ಸಿನಲ್ಲಿ ಆಗದಿದ್ದರೆ ಆ ಮೂಲೆಯ ಮೇಲೆ ಒಂದು ಚೂರು ಕಾಗದ ಅಂಟಿಸಿ ನೋಡಿ. ಅಜ್ಜಿಯ ಮಾತು ಸಲೀಸಾಗುತ್ತದೆ.

ಟಿಕ್ಕು ಬಿಡುವನ್ನು ಕಸಿಯಿತು. ಧ್ವನಿ ಸಂದೇಶ ಹಲವು ಕಿವಿಗಳನ್ನು ಮತ್ತೆ ಕೂಡಿಸಿತು. ಉಳಿದದ್ದು ಎಲ್ಲಕ್ಕಿಂತ ಭಾರವಾದ ಒಂದು ಮಾತು. ಅದು ಒಂದು ಗುಂಡಿಯದು.

2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ದೇಶದ ತುಂಬ ಫೋನಿನಿಂದ ಫೋನಿಗೆ ಹರಿಯಿತು. ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವಕನನ್ನು ಜನ ಹೊಡೆದು ಕೊಂದರು. ಅವನ ಸಂಗಡಿಗರು ತೀವ್ರವಾಗಿ ಗಾಯಗೊಂಡರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟದ್ದು ಅನುಮಾನಕ್ಕೆ ಕಾರಣವಾಗಿತ್ತು. ಅವರ ಚಿತ್ರಗಳು ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿದವು. ದಾರಿ ತಡೆದು ನಿಲ್ಲಿಸಿದವರ ಕೈಗೆ ಸುದ್ದಿ ಆಗಲೇ ಬಂದಿತ್ತು.

ಕೊಂದದ್ದು ಮನುಷ್ಯರೇ. ಆ ಹೊಣೆಯನ್ನು ಯಂತ್ರದ ಮೇಲೆ ಹಾಕಬಾರದು. ಆದರೆ ಆಗ ಪ್ರತಿ ಚಿತ್ರ, ವೀಡಿಯೋದ ಪಕ್ಕದಲ್ಲೇ ಬಾಣದಂಥ ಒಂದು ಗುರುತು ಇತ್ತು. ಒತ್ತಿದರೆ ಮುಂದಕ್ಕೆ ಹೋಯಿತು. ಓದುವುದಕ್ಕೆ ಮೊದಲೇ ಕಳಿಸಬಹುದಿತ್ತು. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಆ ಬಾಣದ ಗುರುತನ್ನು ತೆಗೆಯುವುದಾಗಿ, ಒಂದು ಸಲಕ್ಕೆ ಐದು ಕಡೆಗಷ್ಟೇ ಮುಂದಕ್ಕೆ ಕಳಿಸಲು ಬಿಡುವುದಾಗಿ ಹೇಳಿತು. ಮುಂದಿನ ವರ್ಷ ಐದರ ಮಿತಿ ಜಗತ್ತಿಗೆಲ್ಲ ಬಂತು. 2020ರ ಏಪ್ರಿಲಿನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು ಎಂದಾಯಿತು. ಅಂಥ ಸಂದೇಶಗಳ ಓಡಾಟ ನೂರಕ್ಕೆ ಸುಮಾರು 70 ಭಾಗ ಇಳಿಯಿತು ಎಂದು ಕಂಪನಿಯೇ ಹೇಳಿದೆ.

ಯೋಚಿಸಿ ಕೇಳುಗರೇ. ಒಂದು ಗುರುತು ತೆಗೆದರು, ಒಂದು ಮಿತಿ ಹಾಕಿದರು. ಕೋಟಿಗಟ್ಟಲೆ ಜನರ ನಡವಳಿಕೆ ಬದಲಾಯಿತು. ಮೊದಲೇ ಮಾಡಬಹುದಿತ್ತಲ್ಲವೇ ಎಂಬ ನೋವು ನನ್ನನ್ನು ಬಿಟ್ಟಿಲ್ಲ. ಇಂಥದ್ದೇ ಇನ್ನೊಂದು, ಇಷ್ಟು ಗಂಭೀರವಲ್ಲದ್ದು: ಮೊದಲೆಲ್ಲ ಕುಟುಂಬದ ಗುಂಪಿನಿಂದ ಹೊರಬಂದರೆ ವಾಟ್ಸಾಪ್ ಎಲ್ಲರಿಗೂ ಸಾರಿ ಹೇಳುತ್ತಿತ್ತು. ಆ ಭಯಕ್ಕೇ ಜನ ಒಲ್ಲದ ಗುಂಪಿನಲ್ಲಿ ಉಳಿಯುತ್ತಿದ್ದರು. 2022ರಿಂದ ಅಡ್ಮಿನ್ನಿಗೆ ಮಾತ್ರ ತಿಳಿಯುವ ಹಾಗೆ ಹೊರಬರಬಹುದು.

ಅಂದರೆ ಈ ವಿನ್ಯಾಸಗಳು ಕಲ್ಲಿನಲ್ಲಿ ಕೊರೆದವಲ್ಲ. ಕೇಳಿದರೆ ಬದಲಾಗುತ್ತವೆ. ಇಂಥ ಪರದೆಗಳನ್ನು ಕಟ್ಟುವ ಸಾವಿರಾರು ಎಂಜಿನಿಯರುಗಳು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಅವರಲ್ಲಿ ಕೆಲವರಾದರೂ ಈ ಮಾತು ಕೇಳುತ್ತಿರಬಹುದು. ಅವರ ಹತ್ತಿರ ನಾನು ಕೇಳಿಕೊಳ್ಳುವುದು ಇಷ್ಟು.

ಕರೆ ಬಂದಾಗ ಒತ್ತಿದರೆ ತೆರೆದುಕೊಳ್ಳುವ ನಿಜವಾದ ಗುಂಡಿಯೊಂದು ಪ್ರತಿ ಫೋನಿಗೂ ಇರಲಿ. ಕೆಲವು ಫೋನುಗಳಲ್ಲಿ ದನಿ ಏರಿಸುವ ಪಕ್ಕದ ಗುಂಡಿಯಿಂದಲೇ ಕರೆ ತೆಗೆದುಕೊಳ್ಳುವ ಅನುಕೂಲ ಈಗಾಗಲೇ ಇದೆ. ಅದು ಸೆಟ್ಟಿಂಗ್ಸಿನ ಒಳಗೆ ಅಡಗಿ ಕೂತಿದೆ. ಅದನ್ನು ಹೊರಗೆ ತನ್ನಿ. ಮನೆಯಲ್ಲಿ ಅಜ್ಜ ಅಜ್ಜಿ ಇರುವ ಮಕ್ಕಳು ಇವತ್ತು ಸಂಜೆಯೇ ಅದನ್ನು ಹುಡುಕಿ ಹಾಕಿಕೊಡಬಹುದು.

ಓದಿದ ಗುರುತಿನ ಜೊತೆಗೆ ‘ಯೋಚಿಸಿ ಹೇಳುತ್ತೇನೆ’ ಎನ್ನುವ ಒಂದು ಗುರುತನ್ನೂ ಕೊಡಿ. ನಮ್ಮ ದಾಕ್ಷಿಣ್ಯಕ್ಕೆ ಅಷ್ಟು ಜಾಗ ಸಾಕು.

ಕೊನೆಯದು ಹಂಚಿಕೊಂಡು ಬಳಸುವ ಮನೆಗಳಿಗಾಗಿ. ಒಂದೇ ಫೋನಿನಲ್ಲಿ ಇಬ್ಬರು ಮೂವರು ಬೇರೆ ಬೇರೆಯಾಗಿ ಬಳಸುವ ಏರ್ಪಾಡು ಆಂಡ್ರಾಯ್ಡ್ ಫೋನುಗಳಿಗೆ 2014ರಲ್ಲೇ ಬಂದಿದೆ. ಆದರೆ ಹಲವು ತಯಾರಕರು ಅದನ್ನು ಮುಚ್ಚಿಟ್ಟಿದ್ದಾರೆ, ಕೆಲವರು ತೆಗೆದೇ ಹಾಕಿದ್ದಾರೆ. ಅಗ್ಗದ ಫೋನುಗಳಲ್ಲಿ ಅದನ್ನು ಮೊದಲ ಪರದೆಗೇ ತನ್ನಿ. ಹೆಂಡತಿಯ ಬೆರಳಿಟ್ಟರೆ ಹೆಂಡತಿಯ ನಂಬರುಗಳು, ಅವಳ ಮೆಸೇಜುಗಳು ಮಾತ್ರ ತೆರೆದುಕೊಳ್ಳಲಿ. ಬೆರಳಚ್ಚು ಸವೆದುಹೋದ ಕೂಲಿಯ ಹೆಣ್ಣುಮಕ್ಕಳಿಗೆ ನಾಲ್ಕಂಕಿಯ ಬೀಗ ಇರಲಿ. ಅದನ್ನು ತೆರೆಯುವುದು ಹೇಗೆಂದು ಫೋನು ಕನ್ನಡದಲ್ಲಿ, ದನಿಯಲ್ಲಿ ಹೇಳಿಕೊಡಲಿ.